ಟೀ ಬಿಟ್ಟೆ, ಕೂಲಿ ಇಟ್ಕೊಂಡೆ

ಹೋದ ವರ್ಷ ಈಸ್ಟರ್ ಹಿಂದಿನ ಗರಿಗಳ ಭಾನುವಾರ ಚರ್ಚಲ್ಲಿ ಕೊಟ್ಟ ಗರಿ ನಮ್ಮನೇಲಿ ಇನ್ನೂ ಯೇಸುವಿನ ಪವಿತ್ರ ಹೃದಯದ ಫೋಟೋ ಹಿಂದೆ ಸಿಕ್ಕಿಸಿದ ಹಾಗೇ ಇದೆ, ಒಣಗಿ ಕಡ್ಡಿ ಆಗಿದೆ, ಮುಟ್ಟಿದ್ರೆ ಪುಡಿ ಉದುರುತ್ತೆ. ಭಾನುವಾರ ಪೂಜೆ ಆದ್ಮೇಲೆ ಚರ್ಚಲ್ಲಿ ಅನೌನ್ಸ್ ಮಾಡಿದ್ರು, ಹಳೇ ಗರಿ ಇದ್ದವರು ಬಾಗಿಲ ಹತ್ರ ಬುಟ್ಟಿ ಇಟ್ಟಿದೀವಿ ತಂದು ಹಾಕಿ ಅಂತ. ಅದನ್ನ ಸುಟ್ಟೇ ಬೂದಿ ಮಾಡೋದು. ಹೋದ ಸಲ ಹೊಸನ್ನ ಅಂತ ಹಾಡ್ಕೊಂಡು ಮೆರವಣಿಗೇಲಿ ಬೀಸಿದ್ದ ಗರಿ ಈ ಸಲ ತಲೆ ಮೇಲೆ ಬೂದಿ ಆಗುತ್ತೆ. ಈ ವರ್ಷ ಫೆಬ್ರವರಿ 18ಕ್ಕೆ ಬೂದಿ ಬುಧವಾರ, ಕೆಲವರು ವಿಭೂತಿ ಬುಧವಾರ ಅಂತಾರೆ. ಅಲ್ಲಿಂದ ನಮ್ಮ ತಪಸ್ಸು ಕಾಲ, ಅಂದ್ರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸದ ಕಾಲ, ಶುರು.

ಈ ತಪಸ್ಸು ಕಾಲ ಅನ್ನೋ ಹೆಸರು ಇದ್ಯಲ್ಲ, ಅದೇ ಸ್ವಲ್ಪ ಭಯ ಹುಟ್ಸುತ್ತೆ. ಇಂಗ್ಲಿಷಿನ ಲೆಂಟ್ ಅನ್ನೋ ಪದಕ್ಕೆ ಮೂಲದಲ್ಲಿ ವಸಂತ ಕಾಲ ಅಂತಷ್ಟೇ ಅರ್ಥ, ಹಗಲು ಉದ್ದ ಆಗೋ ಕಾಲ. ಮಂಗಳೂರು ಕಡೆ ಕೊಂಕಣಿಯವರು ಕರೆಜ್ಮ್ ಅಂತಾರೆ, ಪೋರ್ಚುಗೀಸರಿಂದ ಬಂದದ್ದು, ನಲವತ್ತನೇದು ಅನ್ನೋ ಲೆಕ್ಕದ ಹೆಸರು. ತಮಿಳರೂ ನಾವೂ ಮಾತ್ರ ತವ, ತಪಸ್ಸು ಅಂತ ಭಾರೀ ಪದ ಇಟ್ಕೊಂಡು ಕೂತಿದೀವಿ. ತಪಸ್ಸು ಅಂದ್ರೆ ಹುತ್ತ ಬೆಳೆಯೋ ತನಕ ಕೂರಬೇಕು, ನಾವು ಮಾಡೋದು ಚಿಕನ್ ಬಿಡೋದು.

ನಮ್ಮಜ್ಜಿ ಮಾತ್ರ ಆ ಹೆಸರಿಗೆ ಮರ್ಯಾದೆ ಕೊಟ್ಟೋರು. ಬೂದಿ ಬುಧವಾರದ ಹಿಂದಿನ ಮಂಗಳವಾರ ರಾತ್ರಿ ಹಂದಿ ಮಾಂಸದ ಸಾರು, ಹೊಟ್ಟೆ ಬಿರಿಯ ಊಟ, ಆಮೇಲೆ ಆ ಮಡಕೇನ ಬೂದಿ ಹಾಕಿ ತಿಕ್ಕಿ ಅಟ್ಟಕ್ಕೆ ಏರಿಸಿದ್ರೆ ಅದು ಇಳೀತಿದ್ದದ್ದು ಪಾಸ್ಕ ಹಬ್ಬಕ್ಕೇ, ಅಂದ್ರೆ ಈಸ್ಟರ್‌ಗೇ. ಅಲ್ಲೀವರೆಗೆ ಮುದ್ದೆ, ಹುರುಳಿಕಟ್ಟು, ಬಸ್ಸಾರು. ದಿನಾ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕೋರು, ಅದು ಕೊನೇಲಿ ಊರಿನ ಯಾರೋ ಇಲ್ಲದವರ ಮನೆಗೆ ಹೋಗ್ತಿತ್ತು, ಯಾರ ಮನೆಗೆ ಅಂತ ನಮಗೆ ಹೇಳ್ತಾನೇ ಇರ್ಲಿಲ್ಲ. ಅಜ್ಜಿ ತಿನ್ನದೇ ಉಳಿಸಿದ ಹಿಡಿಯೇ ಇನ್ನೊಬ್ಬರ ಅನ್ನ ಆಗ್ತಿತ್ತು, ಇಷ್ಟು ಸರಳ ಲೆಕ್ಕ. ಈಗ ನಮಗೆ ಚರ್ಚಲ್ಲಿ ಒಂದು ಕವರ್ ಕೊಡ್ತಾರೆ, ನಮ್ಮ ಧರ್ಮಸಭೆಯ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾದ ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನಕ್ಕೆ ಅಂತ. ಬಹಳ ಒಳ್ಳೇ ಕೆಲ್ಸವೇ, ಆದ್ರೆ ನಾನು ಅದನ್ನ ಗರಿಗಳ ಭಾನುವಾರದ ತನಕ ಫ್ರಿಜ್ ಮೇಲೆ ಇಟ್ಟು ಮರ್ತು, ಹೊರಡೋ ಹೊತ್ತಲ್ಲಿ ಜೇಬಿಂದ ಒಂದು ನೋಟು ತುರುಕಿ ಅಂಟಿಸೋ ಜಾತಿ. ಯಾವ ಊಟದಿಂದಾನೂ ಉಳಿದದ್ದಲ್ಲ ಅದು.

ನಿಯಮ ಅಂತ ನೋಡಿದ್ರೆ ಈಗ ಬಹಳ ಕಮ್ಮಿ. 1966ರಲ್ಲಿ ಆರನೇ ಪೌಲ್ ಪೋಪ್ ಸಡಿಲ ಮಾಡಿದ ಮೇಲೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅವತ್ತೂ ಒಂದು ಪೂರ್ತಿ ಊಟ, ಜೊತೆಗೆ ಎರಡು ಸಣ್ಣ ಊಟ ಮಾಡಬಹುದು. ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬೋ ತನಕ ಮಾತ್ರ. ಶುಕ್ರವಾರಗಳಲ್ಲಿ ಮಾಂಸ ಬೇಡ, ಅದು ಹದಿನಾಲ್ಕರಿಂದ ಮೇಲೆ. ನಲವತ್ತು ದಿನ ಅಂತೀವಿ, ಕ್ಯಾಲೆಂಡರ್ ಹಿಡಿದು ಎಣಿಸಿದ್ರೆ ಪಾಸ್ಕದ ಹಿಂದಿನ ದಿನಕ್ಕೆ ನಲವತ್ತಾರು ಆಗುತ್ತೆ, ಆರು ಭಾನುವಾರ ಲೆಕ್ಕಕ್ಕಿಲ್ಲ, ಯಾಕಂದ್ರೆ ಭಾನುವಾರ ಎಷ್ಟಾದ್ರೂ ಪುನರುತ್ಥಾನದ ದಿನ. ಈ ಆರು ಭಾನುವಾರದ ವಿಷಯ ನನಗೆ ಚಿಕ್ಕ ವಯಸ್ಸಲ್ಲೇ ಚೆನ್ನಾಗಿ ಗೊತ್ತಿತ್ತು, ಉಳಿದ ಯಾವ ದೈವಶಾಸ್ತ್ರ ಗೊತ್ತಿಲ್ದೇ ಇದ್ರೂ.

ನಾನು ಅಕೌಂಟ್ಸಲ್ಲಿ ಕೆಲ್ಸ ಮಾಡೋನು. ಲೆಕ್ಕ ಬರೆಯೋದೇ ನನ್ನ ಅನ್ನ. ಹಾಗಾಗಿ ತಪಸ್ಸು ಕಾಲಾನೂ ಲೆಕ್ಕದ ಥರಾನೇ ಮಾಡ್ತಾ ಬಂದಿದೀನಿ, ಈ ವರ್ಷ ಮಾಂಸ, ಈ ವರ್ಷ ವಾಟ್ಸಾಪ್ ಸ್ಟೇಟಸ್ ನೋಡೋದು, ಈ ವರ್ಷ ಸ್ವೀಟು. ಹೋದ ವರ್ಷ, 2025ರಲ್ಲಿ, ಟೀ ಬಿಟ್ಟೆ. ದಿನಕ್ಕೆ ಐದಾರು ಟೀ ಕುಡಿಯೋನಿಗೆ ಅದು ಚಿಕ್ಕದಲ್ಲ ಸ್ವಾಮಿ, ಮೊದಲ ಮೂರು ದಿನ ತಲೆನೋವು ಅಂದ್ರೆ ತಲೆನೋವು, ಆಫೀಸಲ್ಲಿ ಎಲ್ರಿಗೂ ಹೇಳ್ಕೊಂಡು ಓಡಾಡಿದೆ. ಹೇಳಬಾರದು ಅಂತ ಗೊತ್ತು. ಬೂದಿ ಬುಧವಾರದ ಪೂಜೇಲಿ ಬೈಬಲಿಂದ ಓದೋ ಶುಭಸಂದೇಶ ಪ್ರತೀ ವರ್ಷ ಅದೇ, ಮತ್ತಾಯನ ಆರನೇ ಅಧ್ಯಾಯ, ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡ್ಕೊಬೇಡಿ, ಮುಖ ತೊಳ್ಕೊಂಡು ತಲೆಗೆ ಎಣ್ಣೆ ಹಚ್ಕೊಳ್ಳಿ, ಜನಕ್ಕೆ ಗೊತ್ತಾಗಬಾರದು. ಇದನ್ನ ಓದಿ ಮುಗಿಸಿದ ಐದು ನಿಮಿಷಕ್ಕೆ ನಾವೆಲ್ಲ ಸಾಲಾಗಿ ಹೋಗಿ ಎಲ್ರಿಗೂ ಕಾಣೋ ಹಾಗೆ ಹಣೆಗೆ ಬೂದಿ ಹಚ್ಚಿಸ್ಕೊಂಡು ಬರ್ತೀವಿ, ಈ ತಮಾಷೆ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಹೋದ ವರ್ಷ ಶಿವರಾತ್ರಿ ಫೆಬ್ರವರಿ 26, ಬೂದಿ ಬುಧವಾರ ಮಾರ್ಚ್ 5, ಸರಿಯಾಗಿ ಒಂದು ವಾರ. ಬೆಳಗಿನ ಪೂಜೆ ಮುಗಿಸಿ ಹಾಗೇ ಆಫೀಸಿಗೆ ಹೋದ್ರೆ ಪಕ್ಕದ ಸೀಟಿನವರು, ಏನ್ ಸಾರ್ ಶಿವರಾತ್ರಿ ಮುಗಿದು ವಾರ ಆಯ್ತು ಇನ್ನೂ ವಿಭೂತಿ ಅಳಿಸಿಲ್ಲ ಅಂದ್ರು.

ಸರಿ, ವಿಷಯಕ್ಕೆ ಬರ್ತೀನಿ. ತಪಸ್ಸು ಕಾಲದಲ್ಲಿ ನಾನು ತಪ್ಪದೇ ಮಾಡೋ ಇನ್ನೊಂದು ಕೆಲ್ಸ ಪಾಪನಿವೇದನೆ, ಅಂದ್ರೆ ಮಾಡಿದ ಪಾಪಾನ ಫಾದರ್ ಹತ್ರ ಹೇಳ್ಕೊಂಡು ಕ್ಷಮೆ ಕೇಳೋದು. ವರ್ಷಕ್ಕೆ ಒಂದು ಸಲವಾದ್ರೂ ಮಾಡ್ಲೇಬೇಕು ಅನ್ನೋ ಕಟ್ಟಳೆ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಿಂದ ಬಂದದ್ದು. ಅದಕ್ಕಿಂತ ಬಹಳ ಹಿಂದೆ, ಮೊದಲ ಶತಮಾನಗಳಲ್ಲಿ, ದೊಡ್ಡ ಪಾಪ ಮಾಡಿದವರು ಎಲ್ಲರ ಮುಂದೆ ಪಶ್ಚಾತ್ತಾಪದ ಸಾಲಲ್ಲಿ ನಿಲ್ಲಬೇಕಿತ್ತಂತೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ. ಆಮೇಲೆ ಐರ್ಲೆಂಡಿನ ಸನ್ಯಾಸಿಗಳಿಂದ ಗುಟ್ಟಾಗಿ ಒಬ್ಬ ಗುರುಗಳ ಹತ್ರ ಹೇಳ್ಕೊಳ್ಳೋ ಪದ್ಧತಿ ಹಬ್ಬಿತು. ನಮ್ಮಂಥವರ ಅದೃಷ್ಟ.

ಹೋದ ವರ್ಷ ಮಾರ್ಚ್ 22 ಶನಿವಾರ ಸಂಜೆ ನಮ್ಮ ಚರ್ಚಲ್ಲಿ ಹೊರಗಿಂದ ನಾಲ್ಕೈದು ಜನ ಫಾದರ್‌ಗಳು ಬಂದಿದ್ರು, ಎಲ್ಲಾ ಕಡೆ ಕ್ಯೂ. ನಾನು ನೋಡಿ ನೋಡಿ ತುಂಬಾ ವಯಸ್ಸಾದವರ ಕ್ಯೂಗೆ ಸೇರ್ಕೊಂಡೆ, ಕಿವಿ ಸ್ವಲ್ಪ ಮಂದ ಇರಬಹುದು ಅನ್ನೋ ಆಸೆಯಿಂದ. ಅವತ್ತು ಫ್ರಾನ್ಸಿಸ್ ಪೋಪ್ ಇನ್ನೂ ಆಸ್ಪತ್ರೇಲೇ ಇದ್ರು, ಫೆಬ್ರವರಿ 14ಕ್ಕೆ ಸೇರಿದವರು, ಮಾರ್ಚ್ 23ಕ್ಕೆ ಮನೆಗೆ ಕಳ್ಸಿದ್ರು, ಆಮೇಲೆ ಪಾಸ್ಕ ಹಬ್ಬದ ಮಾರನೇ ದಿನ ಹೋಗೇ ಬಿಟ್ರು. ಕ್ಯೂನಲ್ಲಿ ನಿಂತಾಗ ಅವರ ಒಂದು ಹಳೇ ಫೋಟೋ ನೆನಪಾಗ್ತಿತ್ತು, 2014ರ ಮಾರ್ಚಲ್ಲಿ ಸಂತ ಪೇತ್ರರ ಬಸಿಲಿಕಾದಲ್ಲಿ, ಅವರು ಬೇರೆಯವರ ಪಾಪನಿವೇದನೆ ಕೇಳೋಕೆ ಅಂತ ಬಂದವರು, ಅವರಿಗಾಗಿ ಇಟ್ಟಿದ್ದ ಜಾಗ ಬಿಟ್ಟು ನೇರ ಹೋಗಿ ಇನ್ನೊಬ್ಬ ಸಾಮಾನ್ಯ ಗುರುಗಳ ಮುಂದೆ ಮಂಡಿಯೂರಿ ಬಿಟ್ರು, ಎಲ್ಲಾ ಕ್ಯಾಮೆರಾ ಮುಂದೆ, ಬಿಳೀ ಬೆನ್ನು ಮಾತ್ರ ಕಾಣೋ ಫೋಟೋ. ಪೋಪ್ ಏನು ಹೇಳ್ಕೊಂಡಿರ್ತಾರೆ ಅಂತ ಯೋಚಿಸ್ತಾ ಯೋಚಿಸ್ತಾ ನನ್ನದನ್ನ ಯೋಚಿಸೋದೇ ಬಿಟ್ಟೆ. ಪಾಳಿ ಬಂತು.

ನಾನು ಹೇಳಿದ್ದು ಯಾವಾಗ್ಲೂ ಹೇಳೋದನ್ನೇ. ಸುಳ್ಳು ಹೇಳಿದೀನಿ, ಕೋಪ ಮಾಡ್ಕೊಂಡಿದೀನಿ, ಎರಡು ಭಾನುವಾರ ಪೂಜೆ ತಪ್ಪಿಸಿದೀನಿ, ಬೆಳಗ್ಗೆ ಸಂಜೆ ಜಪ ಸರಿಯಾಗಿ ಮಾಡಿಲ್ಲ, ತಂದೆ ತಾಯಿಗೆ ಎದುರು ಮಾತಾಡಿದೀನಿ.

ಜಾಲರಿ ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದ ಇಲ್ಲ. ಆಮೇಲೆ, "ತಂದೆ ತಾಯಿ ನಿನ್ ಜೊತೇಲೇ ಇದಾರೇನಪ್ಪಾ?"

"ಇಲ್ಲ ಫಾದರ್. ಇಬ್ರೂ ತೀರ್ಕೊಂಡು ಆರೇಳು ವರ್ಷ ಆಯ್ತು."

"ಮತ್ತೆ ಎದುರು ಮಾತಾಡಿದ್ದು ಯಾರಿಗೆ?"

ಕಿವಿ ಚೆನ್ನಾಗೇ ಇತ್ತು ಅವರಿಗೆ. ನನಗೆ ನಗು ಬಂತು, ಜೊತೇಲೇ ಮುಖ ಬಿಸಿ ಆಯ್ತು, ಯಾಕಂದ್ರೆ ಆಗ ಗೊತ್ತಾಯ್ತು ನಾನು ಹೇಳ್ತಿದ್ದದ್ದು ಒಂಬತ್ತನೇ ವಯಸ್ಸಲ್ಲಿ ಹೊಸ ಪ್ರಸಾದದ, ಅಂದ್ರೆ ಮೊದಲ ಸಲ ಪರಮಪ್ರಸಾದ ತಗೊಳ್ಳೋ ಮಕ್ಕಳ, ಕ್ಲಾಸಲ್ಲಿ ಸಿಸ್ಟರ್ ಬಾಯಿಪಾಠ ಮಾಡಿಸಿದ ಪಟ್ಟಿ. ನಲವತ್ತಾರಕ್ಕೂ ಅದೇ. ಅವರು ಬೈಲಿಲ್ಲ, "ಇದು ಮಗುವಿನ ಪಾಪ, ನಿಂದು ಹೇಳು" ಅಂದ್ರು ಅಷ್ಟೇ, ಅವಸರ ಏನಿಲ್ಲ ಅನ್ನೋ ಥರ. ಹಿಂದೆ ಕ್ಯೂನಲ್ಲಿ ಯಾರೋ ಕೆಮ್ಮಿದ್ರು. ಆಗ ಎಲ್ಲಿಂದಲೋ ನನ್ನ ಬಾಯಿಂದ ಬಂದದ್ದು ಪೇಂಟರ್ ವಿಷಯ. ನಾನು ಅದನ್ನ ಹೇಳೋಕೆ ಅಂತ ಹೋಗಿರ್ಲೇ ಇಲ್ಲ.

2022ರ ಕ್ರಿಸ್ಮಸ್‌ಗೆ ಮುಂಚೆ ಮನೆಗೆ ಬಣ್ಣ ಹೊಡೆಸಿದ್ದೆ. ಪೇಂಟರ್ ಭಾಯ್ ಒಬ್ರು, ಜೊತೇಲಿ ಒಬ್ಬ ಹುಡುಗ, ಒಂಬತ್ತು ದಿನದ ಕೆಲ್ಸ, ಒಳ್ಳೇ ಕೆಲ್ಸಾನೇ. ಕೊನೇ ಕಂತು ಕೊಡೋದು ಬಾಕಿ ಇದ್ದಾಗ ಅಡುಗೆಮನೆ ಗೋಡೆ ಮೇಲೆ ಬಣ್ಣ ಗುಳ್ಳೆ ಗುಳ್ಳೆ ಎದ್ದು ಸಿಪ್ಪೆ ಥರ ಬಿಚ್ಚೋಕೆ ಶುರುವಾಯ್ತು. ನಾನು ಫೋನ್ ಮಾಡಿ ಕೂಗಾಡಿದೆ, ಪುಟ್ಟಿ ಒಣಗೋಕೆ ಬಿಡದೆ ಬಣ್ಣ ಬಳ್ದಿದೀಯ, ದುಡ್ಡು ಕೊಡಲ್ಲ ಅಂತ. ಅವರು ಬಂದು ಗೋಡೆ ಮೇಲೆ ಅಂಗೈ ಇಟ್ಟು, ಮೂಗು ಹತ್ರ ತಗೊಂಡು ಹೋಗಿ ವಾಸನೆ ನೋಡಿ, "ಇದು ನಮ್ದು ಮಿಸ್ಟೇಕ್ ಅಲ್ಲ ಸಾರ್, ಹಿಂದ್ಗಡೆಯಿಂದ ನೀರು ಬರ್ತಾ ಇದೆ, ಪ್ಲಂಬರ್‌ನ ಕರ್ಸಿ" ಅಂದ್ರು. ನಾನು ನಂಬಲಿಲ್ಲ. ಎಲ್ರೂ ಹಂಗೇ ಹೇಳೋದು ಅಂದೆ. ಆಮೇಲೂ ಎರಡು ಸಲ ಬಂದ್ರು, ಕೊನೇ ಸಲ ನಾನು ಗೇಟ್ ಕೂಡ ತೆಗೀಲಿಲ್ಲ, ಒಳಗಿಂದಾನೇ ಮಾತಾಡಿ ಕಳ್ಸಿದೆ.

ಇಲ್ಲಿಗೆ ನಿಂತಿದ್ರೆ ಅದು ಬರೀ ಜಗಳ, ಪಾಪ ಅನ್ನೋಕೆ ಆಗಲ್ಲ ಅಂತ ವಾದ ಮಾಡಬಹುದಿತ್ತು. ಆದ್ರೆ ಎರಡು ತಿಂಗಳಾದ್ಮೇಲೆ ಬಾತ್‌ರೂಮಿನ ಕೊಳಾಯಿ ಕೆಟ್ಟು ಪ್ಲಂಬರ್ ಬಂದ, ಟೈಲ್ಸ್ ಒಡೆದು ಪೈಪ್ ತೋರಿಸಿದ, ಸೂಜಿ ಮೊನೆಯಷ್ಟು ತೂತು, ಅದರಿಂದ ಕೂದಲಷ್ಟು ತೆಳ್ಳಗೆ ನೀರು ಚಿಮ್ತಾ ಇತ್ತು, ಸರಿಯಾಗಿ ಅಡುಗೆಮನೆ ಗೋಡೆ ಕಡೆಗೆ. ನಾನೇ ಮೊಬೈಲ್ ಟಾರ್ಚ್ ಹಿಡ್ಕೊಂಡು ನೋಡಿದೆ. ಭಾಯ್ ಹೇಳಿದ್ದು ನಿಜ ಅಂತ ಆ ಕ್ಷಣಕ್ಕೇ ಗೊತ್ತಾಯ್ತು. ನಂಬರ್ ಫೋನಲ್ಲಿ ಇತ್ತು. ಮಾಡ್ಲಿಲ್ಲ. ಇವತ್ತು ಮಾಡೋಣ ನಾಳೆ ಮಾಡೋಣ ಅಂತ ಒಂದು ವಾರ, ಆಮೇಲೆ ಇಷ್ಟು ದಿನ ಆದ್ಮೇಲೆ ಏನಂತ ಮಾಡೋದು ಅಂತ ಒಂದು ತಿಂಗಳು, ಆಮೇಲೆ ಮರ್ತೇ ಹೋಯ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಆ ವರ್ಷದ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟಿದ್ದೆ.

ಇಷ್ಟನ್ನ ಹೇಳಿ ಮುಗಿಸಿದೆ. ಫಾದರ್ ಕೇಳಿದ್ದು ಒಂದೇ, ಎಷ್ಟು ದುಡ್ಡು? ಮೂರೂವರೆ ಸಾವಿರ ಅಂದೆ. "ಕೊಡೋ ಮನಸ್ಸಿದ್ಯಾ?" ಇದೆ ಅಂದೆ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಜಪ ಹೇಳು ಅಂತಾರೆ ಅಂದ್ಕೊಂಡಿದ್ದೆ, ಅವರು "ಅವನನ್ನ ಹುಡುಕಿ ಕೊಡು, ಅದೇ ನಿನ್ನ ಪ್ರಾಯಶ್ಚಿತ್ತ" ಅಂದು ಪಾಪಕ್ಷಮೆ ಕೊಟ್ಟು ಕಳ್ಸಿದ್ರು. ಹೇಳ್ಬಿಟ್ರೆ ಮುಗೀತು ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿರೋದು, ಹೊರಗಿನವರಂತೂ ಅದನ್ನೇ ಆಡ್ಕೊಳ್ಳೋದು, ಏನಾದ್ರೂ ಮಾಡಿ ಹೋಗಿ ಫಾದರ್ ಹತ್ರ ಹೇಳಿದ್ರೆ ಸರಿಹೋಯ್ತಲ್ಲ ನಿಮ್ಗೆ ಅಂತ. ಆದ್ರೆ ಧರ್ಮಸಭೆಯ ಬೋಧನೆ ಹಾಗಿಲ್ಲ, ಕ್ಷಮೆ ಪಾಪ ತೆಗೆಯುತ್ತೆ, ಪಾಪದಿಂದ ಆದ ನಷ್ಟವನ್ನ ತುಂಬಿಕೊಡೋದು ಮಾಡಿದವನ ಮೇಲೇ ಇರುತ್ತೆ. ಕದ್ದದ್ದನ್ನ ವಾಪಸ್ ಕೊಡಬೇಕು. ಬೈಬಲಲ್ಲಿ ಬರೋ ಸುಂಕದವನು ಜಕ್ಕಾಯ, ಯೇಸುವನ್ನ ನೋಡೋಕೆ ಹತ್ತಿದ್ದ ಮರದಿಂದ ಇಳಿದು ಬಂದು ಹೇಳಿದ್ದು ಸಾರಿ ಅಂತಲ್ಲ, ಯಾರಿಂದ ಮೋಸ ಮಾಡಿ ತಗೊಂಡಿದೀನೋ ಅವರಿಗೆ ನಾಲ್ಕರಷ್ಟು ಕೊಡ್ತೀನಿ ಅಂತ. ನಾಲ್ಕರಷ್ಟು ಅಂದ್ರೆ ಹದಿನಾಲ್ಕು ಸಾವಿರ, ಮನಸ್ಸಲ್ಲೇ ಗುಣಿಸಿ ನೋಡಿ ಸುಮ್ಮನಾದೆ.

ರಾತ್ರಿ ನಿದ್ದೆ ಬರದೆ ಬೈಬಲ್ ತೆಗೆದು ಕೂತೆ. ಬೂದಿ ಬುಧವಾರ ಆದ ಮೊದಲ ಶುಕ್ರವಾರದ ಪೂಜೇಲಿ ಪ್ರತೀ ವರ್ಷ ಓದೋದು ಯೆಶಾಯನ ಐವತ್ತೆಂಟನೇ ಅಧ್ಯಾಯ. ನಾನೇ ಒಂದೆರಡು ಸಲ ಮೈಕ್ ಮುಂದೆ ನಿಂತು ಓದಿದೀನಿ, ಸ್ಪಷ್ಟವಾಗಿ ಓದ್ತೀಯ ಅಂತ ಹೊಗಳಿಸ್ಕೊಂಡೂ ಇದೀನಿ. ಉಪವಾಸ ಮಾಡಿದ್ರೂ ನೀನ್ಯಾಕೆ ನೋಡ್ತಿಲ್ಲ ದೇವರೇ ಅಂತ ಜನ ಕೇಳಿದ್ದಕ್ಕೆ ದೇವರು ಕೊಡೋ ಉತ್ತರ, ನೀವು ಉಪವಾಸದ ದಿನವೇ ನಿಮ್ಮ ಕೂಲಿಯವರನ್ನ ಹಿಂಸೆ ಮಾಡ್ತೀರಿ ಅಂತ. ಕೂಲಿಯವರು. ಅಲ್ಲೇ ಇದೆ ಪದ, ಎಷ್ಟು ವರ್ಷದಿಂದ ಅಲ್ಲೇ ಇದೆ. ಯಕೋಬನ ಪತ್ರದಲ್ಲಂತೂ ತಡೆಹಿಡಿದ ಕೂಲಿಯೇ ಬಾಯಿಬಿಟ್ಟು ಕೂಗುತ್ತೆ ಅಂತಿದೆ, ಮತ್ತು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳು ಅಂತ ಧರ್ಮೋಪದೇಶದಲ್ಲಿ ಒಂದು ಚಿಕ್ಕ ಪಟ್ಟಿ ಇದೆ, ಕೊಲೆ ಇರೋ ಪಟ್ಟಿ ಅದು, ಅದರಲ್ಲಿ ಕೂಲಿಯವರಿಗೆ ಮಾಡೋ ಅನ್ಯಾಯಾನೂ ಸೇರಿದೆ. ಟೀ ಯಾವ ಪಟ್ಟೀಲೂ ಇಲ್ಲ.

ಮಾರನೇ ದಿನ ಭಾನುವಾರದ ಶುಭಸಂದೇಶ ಹಣ್ಣು ಬಿಡದ ಅಂಜೂರದ ಮರದ್ದು. ಮೂರು ವರ್ಷದಿಂದ ನೋಡ್ತಿದೀನಿ ಹಣ್ಣಿಲ್ಲ ಕಡಿ ಅಂತಾನೆ ಯಜಮಾನ, ತೋಟದವನು ಇದೊಂದು ವರ್ಷ ಬಿಡಿ ಒಡೆಯ, ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂತಾನೆ. ನನ್ನ ಲೆಕ್ಕ ಎರಡು ವರ್ಷ ಮೂರು ತಿಂಗಳು. ಅವತ್ತೇ ಮಧ್ಯಾಹ್ನ ಫೋನ್ ಮಾಡಿದೆ, ಆ ನಂಬರ್ ಚಾಲ್ತೀಲಿಲ್ಲ. ಪರಿವರ್ತನೆಗೆ ಹೀಬ್ರೂ ಭಾಷೇಲಿ ಬರೋ ಪದಕ್ಕೆ ತಿರುಗಿ ಬರೋದು ಅಂತಷ್ಟೇ ಅರ್ಥವಂತೆ, ಬಿಟ್ಟು ಬಂದ ದಾರಿಗೆ ವಾಪಸ್ ಹೋಗೋದು. ನಾನು ವಾಪಸ್ ಹೋಗಿದ್ದು ಮೈನ್ ರೋಡಿನ ಪೇಂಟ್ ಅಂಗಡಿಗೆ. ಅವರು ಇನ್ನೊಬ್ರ ನಂಬರ್ ಕೊಟ್ರು, ಅವರು ಮತ್ತೊಬ್ರದು, ಗುರುವಾರ ರಾತ್ರಿ ಭಾಯ್ ಸಿಕ್ಕಿದ್ರು ಲೈನಲ್ಲಿ. ಯಾರು ಅಂತ ಹೇಳಿದ ಮೇಲೆ ಆ ಕಡೆ ಒಂದು ಗ್ಯಾಪ್. "ಹೇಳಿ ಸಾರ್."

ಶುಕ್ರವಾರ ಬೆಳಗ್ಗೆ ಅವರು ಕೆಲ್ಸ ಮಾಡೋ ಕಡೆ, ಒಂದು ಟೀ ಅಂಗಡಿ ಮುಂದೆ ಸಿಕ್ಕಿದ್ವಿ. ಸ್ವಲ್ಪ ಸೊರಗಿದ್ರು, ಗಡ್ಡ ಬೆಳ್ಳಗಾಗಿತ್ತು. ಅಭ್ಯಾಸಬಲ, ನಾನು ಅಂಗಡಿಯವನಿಗೆ ಎರಡು ಟೀ ಅಂದೆ, ಇಬ್ರೂ ಒಟ್ಟಿಗೇ ಬೇಡ ಬೇಡ ಅಂದ್ವಿ. "ರೋಜಾ ಇದೀನಿ ಸಾರ್" ಅಂದ್ರು. ಹೌದಲ್ಲ, ರಂಜಾನ್ ಮುಗಿಯೋಕೆ ಇನ್ನೆರಡು ಮೂರು ದಿನ ಇತ್ತು. ನಾನೂ ಜಂಬದಿಂದ, ನಮ್ದೂ ಉಪವಾಸ ನಡೀತಿದೆ ಭಾಯ್, ನಲವತ್ತು ದಿನ ಅಂದೆ.

"ನಲವತ್ತಾ! ನೀರು ಕುಡೀಬೋದಾ?"

"ನೀರು ಕುಡೀಬೋದು."

"ಊಟ?"

"ಊಟಾನೂ ಮಾಡ್ಬೋದು... ನಾನು ಟೀ ಬಿಟ್ಟಿದೀನಿ."

ಅವರು ಏನೂ ಹೇಳ್ಲಿಲ್ಲ, ಪಾಪ, ಮರ್ಯಾದಸ್ಥ ಮನುಷ್ಯ. ಒಳ್ಳೇದು ಸಾರ್ ಅಂದ್ರು.

ಕವರ್ ಕೊಟ್ಟೆ. ಪೈಪ್ ವಿಷಯ ಹೇಳಿದೆ. ಮನೇಲಿ ಎಷ್ಟೋ ಸಲ ರಿಹರ್ಸಲ್ ಮಾಡಿದ್ದ ಮಾತು ಎರಡೇ ವಾಕ್ಯದಲ್ಲಿ ಮುಗಿದುಹೋಯ್ತು. ಅವರು ಕವರ್ ಬಿಚ್ಚಿ ಎಣಿಸಿದ್ರು, ಹೆಬ್ಬೆರಳ ಉಗುರು ಸುತ್ತ ಬಿಳೀ ಪ್ರೈಮರ್ ಮೆತ್ಕೊಂಡಿತ್ತು, ಎಣಿಸಿ ಮತ್ತೆ ಕವರಿಗೇ ಹಾಕಿ, "ಮೂರೂವರೆ ಲೇಬರ್ ಸರಿ ಸಾರ್. ಪುಟ್ಟಿ ಎರಡು ಮೂಟೆ ನಾನೇ ತಂದಿದ್ದೆ, ಸಾವಿರದ ನಾನೂರೈವತ್ತು. ಬಿಲ್ ನಿಮ್ಗೇ ಕೊಟ್ಟಿದ್ದೆ" ಅಂದ್ರು.

ನನಗೆ ನೆನಪೇ ಇರ್ಲಿಲ್ಲ. ಆಣೆ ಮಾಡಿ ಹೇಳ್ತೀನಿ, ಇರ್ಲಿಲ್ಲ. ದೇವರ ಮುಂದೆ ಮಂಡಿಯೂರಿ ಹೇಳಿದ ಲೆಕ್ಕಾನೂ ಕಮ್ಮಿ ಲೆಕ್ಕಾನೇ. ಅವರು ಮತ್ತೊಂದು ಕೇಳಿದ್ರು, ಸಿಟ್ಟಿಲ್ದೇ, ಟೈಮ್ ಎಷ್ಟು ಅಂತ ಕೇಳೋ ಹಾಗೆ. "ಪೈಪ್ ಲೀಕ್ ಅಂತ ಯಾವಾಗ ಗೊತ್ತಾಯ್ತು ಸಾರ್?"

"ಎರಡು ವರ್ಷ ಆಯ್ತು."

ತಲೆ ಆಡಿಸಿದ್ರು. "ಆವಾಗ್ಲೇ ಒಂದು ಫೋನ್ ಮಾಡ್ಬೇಕಿತ್ತು. ನಿಮ್ಮ ಎದುರುಗಡೆ ಮನೆ, ಮೂಲೆ ಮನೆ, ಎರಡೂ ನಂಗೇ ಅಂತ ಮಾತಾಗಿತ್ತು. ಆಮೇಲೆ ಕ್ಯಾನ್ಸಲ್ ಆಯ್ತು."

ಯಾಕೆ ಕ್ಯಾನ್ಸಲ್ ಆಯ್ತು ಅಂತ ಅವರು ಹೇಳ್ಲಿಲ್ಲ, ಹೇಳೋ ಅಗತ್ಯಾನೂ ಇರ್ಲಿಲ್ಲ. ಎದುರು ಮನೆಯವರನ್ನ ಅಡುಗೆಮನೆಗೆ ಕರ್ಕೊಂಡು ಹೋಗಿ ಗುಳ್ಳೆ ಎದ್ದ ಗೋಡೆ ತೋರಿಸಿದ್ದು ನಾನೇ. ಈ ಜನಕ್ಕೆ ಕೆಲ್ಸ ಕೊಡಬಾರದು ಅಂದಿದ್ದೂ ನಾನೇ. ಈ ಜನ ಅಂದ್ರೆ ಪೇಂಟರ್‌ಗಳು ಅಂತ ಅವತ್ತು ನನಗೆ ನಾನು ಹೇಳ್ಕೊಂಡಿದ್ದೆ. ಈಗ ಅಷ್ಟು ಖಾತ್ರಿ ಇಲ್ಲ.

ಮನೆಗೆ ಬಂದು ಫೈಲ್ ಹುಡುಕಿದೆ. 2022ರ ಡಿಸೆಂಬರ್ ಪೌಚಲ್ಲಿ, ಕರೆಂಟ್ ಬಿಲ್ ಹಿಂದೆ, ನಾಲ್ಕು ಮಡಿಕೆ ಮಾಡಿ ಸ್ಟೇಪಲ್ ಹೊಡೆದು ಇಟ್ಟಿದೀನಿ, ವಾಲ್ ಪುಟ್ಟಿ ಎರಡು ಬ್ಯಾಗ್, 1,450. ಮೇಲೆ ನನ್ನದೇ ಕೈಬರಹದಲ್ಲಿ ಪೆಂಡಿಂಗ್ ಅಂತ ಬರ್ದಿದೆ. ಫೋನ್‌ಪೇ ಮಾಡಿದೆ, ಸ್ವಲ್ಪ ಸೇರಿಸಿ ಮಾಡಿದೆ, ನಾಲ್ಕರಷ್ಟೇನಲ್ಲ. ಸಂಜೆ ಚರ್ಚಲ್ಲಿ ಯೇಸು ಶಿಲುಬೆ ಹೊತ್ತು ನಡೆದದ್ದನ್ನ ನೆನೆಯೋ ಶಿಲುಬೆ ಹಾದಿ ಪ್ರಾರ್ಥನೆಗೆ ಹೋಗಿ ಹದಿನಾಲ್ಕು ಸ್ಥಳಕ್ಕೂ ಮಂಡಿಯೂರಿ ಎದ್ದೆ, ತಲೇಲಿ ಮಾತ್ರ ಎದುರು ಮನೆಯವರಿಗೆ ಹೇಗೆ ಹೇಳೋದು ಅನ್ನೋದೇ. ಹೇಳಿದೆ, ಶನಿವಾರ. ಅವರು ಅಯ್ಯೋ ಬಿಡಿ ಸಾರ್ ಯಾವ ಕಾಲದ್ದೋ ಅಂದ್ರು, ನಾನ್ಯಾಕೆ ಇದನ್ನ ಹೇಳ್ತಿದೀನಿ ಅಂತಾನೇ ಅವರಿಗೆ ಗೊತ್ತಾಗ್ಲಿಲ್ಲ. ಮೂಲೆ ಮನೆಯವರು ಬಾಡಿಗೆಗೆ ಕೊಟ್ಟು ಬೇರೆ ಊರಿಗೆ ಹೋಗಿದಾರೆ, ಅದು ಹಾಗೇ ಉಳಿದಿದೆ. ಆ ಭಾನುವಾರದ ಶುಭಸಂದೇಶ ದಾರಿ ತಪ್ಪಿದ ಮಗನದ್ದು, ಮಗ ಇನ್ನೂ ದೂರ ಇರುವಾಗಲೇ ಅಪ್ಪ ಓಡಿ ಬಂದು ತಬ್ಬಿಕೊಳ್ಳೋದು, ಎಲ್ರಿಗೂ ಕಣ್ಣಲ್ಲಿ ನೀರು ಬರುತ್ತೆ ಅಲ್ಲಿಗೆ. ನಾನು ಯೋಚಿಸ್ತಿದ್ದದ್ದು ಆ ಮಗ ಹಾಳು ಮಾಡಿ ಬಂದ ದುಡ್ಡಲ್ಲಿ ಆ ಮನೆ ಆಳುಗಳ ಕೂಲಿ ಎಷ್ಟಿತ್ತೋ ಅಂತ.

ಗರಿಗಳ ಭಾನುವಾರಕ್ಕೆ ಮುಂಚಿನ ವಾರ ನಾನೇ ಭಾಯ್‌ಗೆ ಫೋನ್ ಮಾಡಿದೆ. ಆ ಅಡುಗೆಮನೆ ಗೋಡೆ ಎರಡು ವರ್ಷದಿಂದ ಹಾಗೇ ಇದೆ, ಹಬ್ಬಕ್ಕೆ ಮುಂಚೆ ಒಂದು ಕೈ ಹೊಡೆದುಕೊಡ್ತೀರಾ ಅಂತ ಕೇಳಿದೆ. ಬರ್ತೀನಿ ಸಾರ್, ಮಂಗಳವಾರ ಬರ್ತೀನಿ, ಉಜ್ಜಿ ಪ್ರೈಮರ್ ಹೊಡೆದು ಎರಡು ಕೋಟ್, ಎರಡು ದಿನ ಅಂದ್ರು. ರೇಟೂ ಹೇಳಿದ್ರು, ಚೌಕಾಸಿ ಮಾಡ್ಲಿಲ್ಲ. ಫೋನ್ ಇಡೋ ಮುಂಚೆ ಸ್ವಲ್ಪ ತಡವರಿಸಿ,

"ಈ ಸಲ ದುಡ್ಡು ಮೊದ್ಲೇ ಕೊಡ್ಬೇಕು ಸಾರ್" ಅಂದ್ರು.